ಹಣ್ಣಿನ ವ್ಯಾಪಾರಿಯ ಮಗ

ಜುಹೂ ಕಡೆಗೆ ಹೋದಾಗಲೆಲ್ಲ ನಾವು ಎಳನೀರಿನ ಐಸ್‌ಕ್ರೀಮಿಗೆ ಸೋಲುವವರೇ. ಅದನ್ನು ಮಾಡಿಕೊಟ್ಟವರು ನಮ್ಮ ಕರಾವಳಿಯವರೆಂದರೆ ಮುಂಬಯಿಯಲ್ಲೇ ಹುಟ್ಟಿದ ನಮ್ಮ ಮಕ್ಕಳು ನಂಬಲೊಲ್ಲರು. ಅದಕ್ಕೇ ಈ ನಾಲ್ಕು ಮಾತು.

ರಘುನಂದನ ಶ್ರೀನಿವಾಸ ಕಾಮತರು ದಕ್ಷಿಣ ಕನ್ನಡದವರು. ತಂದೆ ಹಣ್ಣಿನ ವ್ಯಾಪಾರಿ. ಏಳು ಮಕ್ಕಳಲ್ಲಿ ಇವರೇ ಕಿರಿಯರು. ಕಳಿತ ಹಣ್ಣನ್ನು ಗುರುತಿಸುವ ವಿದ್ಯೆ ಅಲ್ಲಿಯೇ ಬಂದುದು. ಹುಡುಗರಾಗಿದ್ದಾಗಲೇ ಮುಂಬಯಿಗೆ ಬಂದು ಅಣ್ಣನ ಹೋಟೆಲಿನಲ್ಲಿ ದುಡಿದರು.

1984ರ ಫೆಬ್ರವರಿ 14ರಂದು ಜುಹೂವಿನಲ್ಲಿ ‘ನ್ಯಾಚುರಲ್ಸ್’ ತೆರೆದರು. ಬರಿಯ ಐಸ್‌ಕ್ರೀಮಿಗೆ ಗಿರಾಕಿಗಳು ಬರುವರೋ ಇಲ್ಲವೋ! ಆದುದರಿಂದ ಖಾರದ ಪಾವ್ ಭಾಜಿಯನ್ನೂ ಇಟ್ಟರು. ನಾಲಿಗೆ ಉರಿದವನು ತಣ್ಣಗಿನದನ್ನು ಕೇಳದೆ ಹೋದಾನೆಯೇ? ಬ್ಯಾಂಕಿನಲ್ಲಿ ಲೆಡ್ಜರು ಬರೆಯುವ ನಮಗೆ ಈ ಚೇಷ್ಟೆಯ ಲೆಕ್ಕ ಬಹಳ ಹಿಡಿಸಿದೆ, ನಮ್ಮ ಬಿ.ಕಾಂ. ಪುಸ್ತಕಗಳಲ್ಲಿ ಇದು ಇರಲಿಲ್ಲ. ಮರುವರ್ಷ ಪಾವ್ ಭಾಜಿ ನಿಂತಿತು. ಸೀತಾಫಲ, ಮಾವುಗಳ ಸಾಲಿಗೆ ಮುಂದೆ ಹಲಸು, ಎಳನೀರೂ ಸೇರಿದವು. ಅಂಗಡಿಗಳು ನೂರನ್ನು ದಾಟಿದವು. ಮಡದಿ ಜತೆಗೆ ನಿಂತರು, ಬೆಳೆದ ಗಂಡುಮಕ್ಕಳು ಕೈಗೂಡಿಸಿದರು.

2024ರ ಮೇ 17ರಂದು ಕಾಮತರು ಮುಂಬಯಿಯಲ್ಲಿ ತೀರಿಕೊಂಡರು. ಹಲಸಿನ ಕಾಲವದು. ಆ ವಾರ ನಾವು ಮಕ್ಕಳನ್ನು ಅಂಗಡಿಗೆ ಕರೆದೊಯ್ದು ಈ ಕಥೆ ಹೇಳಿದೆವು. ಕಿರಿಯವಳು ಹಲಸಿನದನ್ನೇ ಕೇಳಿದಳು.