ಹಾಯಿ

ಗಾಳಿ ಹಿಡಿಯುವ ಬಟ್ಟೆಗೆ ಕನ್ನಡದಲ್ಲಿ ಹಾಯಿ, ತುಳುವಿನಲ್ಲಿ ಪಾಯಿ, ತಮಿಳಿನಲ್ಲಿ ಪಾಯ್. ತಮಿಳಿನ ಪಾಯ್ ಚಾಪೆಯೂ ಹೌದು. ಹರಡುವ, ಹಾಸುವ ವಸ್ತುವೆಂಬುದೇ ಮೂಲಾರ್ಥ. ಆದರೆ ಹಾಯಿದೋಣಿ ಎನಿಸಿಕೊಳ್ಳಲು ಬಟ್ಟೆಯೊಂದೇ ಸಾಲದು. ಹಡಗುಗಳ ಡಿಕ್ಕಿ ತಡೆಯುವ 1972ರ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ, ಎಂಜಿನ್ ಬಳಸಿ ಸಾಗುತ್ತಿದ್ದರೆ ಹಾಯಿ ಬಿಚ್ಚಿದ್ದರೂ ಅದು ಯಂತ್ರದೋಣಿಯೇ. ಮಂಗಳೂರು ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿ ಎಂಬ ಹಡಗುಗಳಿಗೂ ಈ ವಿವೇಚನೆ ಅನ್ವಯ.

ಯಂತ್ರದೋಣಿಯೇ ಹಾಯಿದೋಣಿಗೆ ದಾರಿ ಬಿಡಬೇಕೆಂದು ಹದಿನೆಂಟನೆಯ ನಿಯಮ ಹೇಳುತ್ತದೆ. ಹಾಗೆಂದು ಹಾಯಿಗೆ ಎಲ್ಲೆಡೆ ಮೊದಲ ಹಕ್ಕೆಂದು ವಾದಿಸುವುದು ತಪ್ಪು: ಹಿಂದಿಕ್ಕುವಾಗ ಹಾಯಿದೋಣಿಯೇ ದೂರ ಸರಿಯಬೇಕು, ಇಕ್ಕಟ್ಟಾದ ಕಾಲುವೆ ಬಿಟ್ಟು ಬೇರೆಡೆ ಸಾಗಲಾಗದ ಹಡಗಿಗೆ ಅದು ಅಡ್ಡಬರಬಾರದು. ದೋಣಿ ಎಬ್ಬಿಸುವ ಅಲೆಯ ಮಾತು ಆ ನಿಯಮಗಳಲ್ಲಿಲ್ಲವಲ್ಲ, ದಾರಿ ಬಿಟ್ಟರೆ ಸಾಲದೇ ಎಂದು ಕೇಳಬಹುದು. ಸಾಲದು. ರಸ್ತೆಯಲ್ಲಾದರೆ ಮಂಗಳೂರಿನ ನಂತೂರು ವೃತ್ತ ದಾಟಿದ ಲಾರಿ ಅಲ್ಲಿಂದ ಹೋಯಿತೆಂದರೆ ಹೋಯಿತು. ಗುರುಪುರ ನದಿಯಲ್ಲಿ ವೇಗವಾಗಿ ಸಾಗಿದ ದೋಣಿಯ ಅಲೆ ಮಾತ್ರ ದೋಣಿ ಮರೆಯಾದ ಮೇಲೂ ಸಾಗುತ್ತದೆ. ಅಲೆಯ ಎತ್ತರ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಮಂದಗಾಳಿಯಲ್ಲಿ ಅಂಥ ಅಲೆ ತೂಗಾಡಿಸಿದರೆ ಹಾಯಿಯಲ್ಲಿ ತುಂಬಿದ ಗಾಳಿ ಚೆಲ್ಲಿಹೋಗುತ್ತದೆ, ದೋಣಿ ಚುಕ್ಕಾಣಿಯ ಮಾತು ಕೇಳುವುದಿಲ್ಲ. ಯಂತ್ರದವನಿಗೆ ಮತ್ತೆ ವೇಗ ಪಡೆಯಲು ಕೈಯಳತೆಯಲ್ಲಿ ಎಂಜಿನ್ ಇದೆ. ಹಾಯಿಯವನು ಗಾಳಿಗೆ ಕಾಯಬೇಕು. ಆದ್ದರಿಂದ ಹಾಯಿ ಕಂಡಾಗ ಸಾಕಷ್ಟು ಮೊದಲೇ ವೇಗ ತಗ್ಗಿಸುವುದು ಯಂತ್ರದವನ ಹೊಣೆ. ಪಕ್ಕಕ್ಕೆ ಬಂದ ಮೇಲೆ ತಗ್ಗಿಸಿದರೆ, ಆಗಲೇ ಎದ್ದ ಅಲೆ ನಿಲ್ಲುವುದಿಲ್ಲ.