ಎಕ್ಸ್‌ಪಿ ಕಂಪ್ಯೂಟರಿನಲ್ಲಿ ಗುಟ್ಟು ಉಳಿಯುತ್ತದೆಯೇ?

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ರೈತರು ಕಂಪ್ಯೂಟರು ತಮ್ಮ ಕೆಲಸಕ್ಕೆ ಬಂದದ್ದನ್ನು ಮೊದಲು ಕಂಡದ್ದು ಹೆಚ್ಚಾಗಿ ತಹಶೀಲ್ದಾರ ಕಚೇರಿಯಲ್ಲಿ. 2002ರ ಹೊತ್ತಿಗೆ ‘ಭೂಮಿ’ ಯೋಜನೆ ರಾಜ್ಯದ 177 ತಾಲ್ಲೂಕುಗಳನ್ನೂ ಮುಟ್ಟಿತ್ತು. ಕೈಬರಹದ ಉತಾರ ಹೋಗಿ 15 ರೂಪಾಯಿಯ ಮುದ್ರಿತ ಉತಾರ ಬಂತು. ಕಚೇರಿ ಎದುರಿನ ಝೆರಾಕ್ಸ್ ಅಂಗಡಿಗಳೂ ಕಂಪ್ಯೂಟರ್ ಇಟ್ಟವು. ಅರ್ಜಿ, ಲಗ್ನಪತ್ರಿಕೆ, ವಾರಪತ್ರಿಕೆಯ ಪುಟ, ಆಮೇಲೆ ಆಧಾರ್ ಪ್ರತಿ, ಪಾಸ್‌ಬುಕ್ಕಿನ ಸ್ಕ್ಯಾನ್, ಎಲ್ಲ ಒಂದೇ ಯಂತ್ರದಲ್ಲಿ. ಊರಿನವರ ಅರ್ಧ ಗುಟ್ಟು ಅದರ ಡೆಸ್ಕ್‌ಟಾಪ್ ಮೇಲೆಯೇ ಬಿದ್ದಿರುತ್ತದೆ.

ಆ ಯಂತ್ರದಲ್ಲಿ ಬಹಳ ಕಾಲ ಇದ್ದದ್ದು ವಿಂಡೋಸ್ ಎಕ್ಸ್‌ಪಿ. ಅದು ಮಾರುಕಟ್ಟೆಗೆ ಬಂದದ್ದು 2001ರ ಅಕ್ಟೋಬರ್ 25ರಂದು. ಅದನ್ನು ಬಿಡದಿದ್ದಕ್ಕೆ ಬಡತನ, ಅಜ್ಞಾನ ಎಂದು ಸುಲಭವಾಗಿ ಹೇಳಿಬಿಡುತ್ತಾರೆ. ದುಡ್ಡಿನ ಅಡಚಣೆ ಇದ್ದದ್ದೇ. ಆದರೆ ನಮ್ಮ ಪ್ರಕಾರ ದೊಡ್ಡ ಕಾರಣ ಕನ್ನಡವೇ. ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಕಲಸುಮೇಲೋಗರ. ಪುಟ ಕಟ್ಟುತ್ತಿದ್ದ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದೂ 2001ರಲ್ಲೇ. ಅದಕ್ಕೆ ಯುನಿಕೋಡ್ ಗೊತ್ತಿಲ್ಲ. ಹತ್ತು ಹದಿನೈದು ವರ್ಷದ ಕಡತಗಳು ಹಾಗೆ ಕೂತಿರುವಾಗ ಹೊಸ ವಿಂಡೋಸ್ ಹಾಕಲು ಯಾರಿಗಾದರೂ ಕೈ ನಡುಗುತ್ತದೆ. ತಮಾಷೆಯೆಂದರೆ, ‘ತುಂಗಾ’ ಎಂಬ ಯುನಿಕೋಡ್ ಕನ್ನಡ ಫಾಂಟ್ ಎಕ್ಸ್‌ಪಿಯೊಳಗೇ ಇತ್ತು. ಅದನ್ನು ಕೇಳಿದವರು ಕಡಿಮೆ.

2014ರ ಏಪ್ರಿಲ್ 8ಕ್ಕೆ ಮೈಕ್ರೋಸಾಫ್ಟ್ ಎಕ್ಸ್‌ಪಿಗೆ ಬೆಂಬಲ ನಿಲ್ಲಿಸಿತು. ಅಂಗಡಿಗಳಲ್ಲಿ ಅಂದು ಏನೂ ಆಗಲಿಲ್ಲ. ಕಂಪ್ಯೂಟರ್ ಎಂದಿನಂತೆ ಶುರುವಾಯಿತು. ಮೋಸ ಇರುವುದು ಇಲ್ಲೇ. ಬೆಂಬಲ ನಿಂತಿತು ಎಂದರೆ ಯಂತ್ರ ನಿಂತಿತು ಎಂದಲ್ಲ, ಇನ್ನು ಮುಂದೆ ಸಿಗುವ ತೂತುಗಳನ್ನು ಮುಚ್ಚುವವರಿಲ್ಲ ಎಂದು. ನಕಲು ಸಿಡಿಯಿಂದ ವಿಂಡೋಸ್ ಹಾಕಿ ಅಪ್‌ಡೇಟ್ ಬಂದ್ ಮಾಡಿಟ್ಟ ಕಡೆ ಈ ಸ್ಥಿತಿ ಮೊದಲಿನಿಂದಲೂ ಇತ್ತು.

ಐವತ್ತೇ ದಿನಕ್ಕೆ, ಅದೇ ವರ್ಷದ ಮೇ 28ರಂದು, ಕಡತಗಳಿಗೆ ಬೀಗ ಹಾಕುವ ಟ್ರೂಕ್ರಿಪ್ಟ್ ಎಂಬ ಪ್ರಸಿದ್ಧ ತಂತ್ರಾಂಶ ದಿಢೀರನೆ ನಿಂತಿತು. ಅದನ್ನು ಮಾಡಿದವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಎಕ್ಸ್‌ಪಿಗೆ ಬೆಂಬಲ ಮುಗಿದದ್ದನ್ನೇ ನೆಪವಾಗಿ ಹೇಳಿ, ವಿಂಡೋಸಿನ ಬಿಟ್‌ಲಾಕರ್‌ಗೆ ಹೋಗಿ ಎಂದರು. ಎಕ್ಸ್‌ಪಿಯಲ್ಲಿ ಬಿಟ್‌ಲಾಕರ್ ಇಲ್ಲವೇ ಇಲ್ಲ. ಗುರುತು ಮರೆಸಿ ಜಾಲಾಡಲು ಬಳಸುವ ಟಾರ್ ಬ್ರೌಸರ್ ಇನ್ನೂ ನಾಲ್ಕು ವರ್ಷ ಎಕ್ಸ್‌ಪಿಯ ಜೊತೆ ನಡೆಯಿತು. ಅದು ಫೈರ್‌ಫಾಕ್ಸ್ ಮೇಲೆ ನಿಂತದ್ದು. ಫೈರ್‌ಫಾಕ್ಸ್ ಎಕ್ಸ್‌ಪಿಯನ್ನು ಬಿಟ್ಟ ಮೇಲೆ, 2018ರ ಸೆಪ್ಟೆಂಬರಿನ ಟಾರ್ 8.0 ಕೂಡ ಬಿಟ್ಟಿತು. 2024ರ ಅಕ್ಟೋಬರಿನ 14.0 ಆವೃತ್ತಿಯಲ್ಲಿ ವಿಂಡೋಸ್ 7, 8ರ ಸರದಿ.

ಹಳೆಯ ಟಾರ್ ಸಾಕಲ್ಲ, ಇಲ್ಲದ್ದಕ್ಕಿಂತ ವಾಸಿ ಎನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಟಾರ್ ಕಾಯುವುದು ದಾರಿಯನ್ನು. ಮಾತು ಕಂಪ್ಯೂಟರಿನಿಂದ ಹೊರಟ ಮೇಲೆ. ಟ್ರೂಕ್ರಿಪ್ಟ್ ಕಾಯುವುದು ಬೀಗ ಹಾಕಿ ಮಲಗಿಸಿದ ಕಡತವನ್ನು. ಬರೆಯುವಾಗ ನೀವು ಒತ್ತುವ ಕೀಲಿ, ಪರದೆಯ ಮೇಲಿನ ಅಕ್ಷರ, ಬೀಗದ ಪಾಸ್‌ವರ್ಡ್ ಎಲ್ಲವೂ ಹಾದುಹೋಗುವುದು ಆಪರೇಟಿಂಗ್ ಸಿಸ್ಟಂ ಕೈಯಿಂದಲೇ. ಅಲ್ಲಿ ಒಬ್ಬ ಕಳ್ಳ ಕೂತಿದ್ದರೆ ಅವನು ಬೀಗ ಮುರಿಯುವುದೇ ಬೇಡ, ಬೀಗ ಹಾಕುವ ಮುಂಚೆಯೇ ಎಲ್ಲ ನೋಡಿರುತ್ತಾನೆ. ಗ್ರಾಮ ಪಂಚಾಯಿತಿಯ ಬಿಲ್ಲಿನ ಪ್ರತಿ ಕೊಟ್ಟ ನೌಕರನ ಹೆಸರು ವರದಿಗಾರನ ಎಕ್ಸ್‌ಪಿಯಲ್ಲಿ ಇದ್ದರೆ, ಟಾರ್ ಇದೆ ಎಂಬ ಧೈರ್ಯದಿಂದಲೇ ಅವನು ಇನ್ನಷ್ಟು ಬರೆದಿಟ್ಟಿರುತ್ತಾನೆ. ಸೈಬರ್ ಕೆಫೆಯಲ್ಲಂತೂ ಈ ಧೈರ್ಯಕ್ಕೆ ಅರ್ಥವಿಲ್ಲ. 2011ರ ಕೇಂದ್ರ ನಿಯಮದಂತೆ ಕೆಫೆಯವರು ಬಂದವರ ಗುರುತಿನ ದಾಖಲೆ ಪಡೆದು ವರ್ಷವಾದರೂ ಇಡಬೇಕು.

2017ರ ಮೇ 12ರಂದು ‘ವಾನಾಕ್ರೈ’ 150ಕ್ಕೂ ಹೆಚ್ಚು ದೇಶಗಳ ಕಂಪ್ಯೂಟರ್‌ಗಳನ್ನು ಕಟ್ಟಿಹಾಕಿದಾಗ ಮೈಕ್ರೋಸಾಫ್ಟ್ ಎಕ್ಸ್‌ಪಿಗೂ ತೇಪೆ ಕೊಟ್ಟಿತು. ಆದರೆ ಆಗ ಹೆಚ್ಚು ಸಿಕ್ಕಿಬಿದ್ದದ್ದು ಎಕ್ಸ್‌ಪಿ ಅಲ್ಲ, ಬೆಂಬಲ ಇದ್ದೂ ಅಪ್‌ಡೇಟ್ ಮಾಡದ ವಿಂಡೋಸ್ 7.

ಹಾಗಂತ ಹಳೆಯ ಯಂತ್ರವನ್ನು ಗುಜರಿಗೆ ಹಾಕಬೇಕಿಲ್ಲ. ನೆಟ್ ವೈರು ಕಿತ್ತು ಪೇಜ್‌ಮೇಕರ್‌ಗೆ ಮಾತ್ರ ಇಟ್ಟುಕೊಳ್ಳಬಹುದು. ಪೆನ್‌ಡ್ರೈವ್ ಮೇಲೆ ಮಾತ್ರ ಕಣ್ಣಿರಲಿ, ವೈರಸ್ಸು ಅದರಲ್ಲೂ ಬರುತ್ತದೆ. ಹೆಸರು, ವಿಳಾಸ ಕಾಯಬೇಕಾದ ಕೆಲಸಕ್ಕೆ ಬೆಂಬಲ ಇರುವ ಲಿನಕ್ಸ್ ಹಾಕಿದ ಬೇರೆ ಕಂಪ್ಯೂಟರ್ ಬೇಕು. ಕಗಪ ಕೀಲಿಮಣೆ ಅದರಲ್ಲೂ ಇದೆ. ಗೌಪ್ಯತೆಗೆಂದೇ ಮಾಡಿದ, ಪೆನ್‌ಡ್ರೈವಿನಿಂದ ನಡೆಯುವ ಟೇಲ್ಸ್ 2017ರಿಂದ 64 ಬಿಟ್ ಯಂತ್ರಕ್ಕೆ ಮಾತ್ರ. ಎಕ್ಸ್‌ಪಿ ಕಾಲದ ಬಹಳಷ್ಟು ಡಬ್ಬಿಗಳಲ್ಲಿ ಅದು ಏಳುವುದೇ ಇಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲದ ಅವಧಿಯೂ ಮುಗಿದಿದೆ. ಅಂಗಡಿಯ ಕಂಪ್ಯೂಟರ್ ಮರುದಿನವೂ ಎಂದಿನಂತೆಯೇ ಶುರುವಾಗಿರುತ್ತದೆ.