ಸಣ್ಣ ಕಾರನ್ನು ಬಿಟ್ಟವರು ಯಾರು?

ಭಾರತೀಯರಿಗೆ ಈಗ ಸಣ್ಣ ಕಾರು ಬೇಡವಾಗಿದೆ, ಎಲ್ಲರಿಗೂ ಎಸ್‌ಯುವಿಯೇ ಬೇಕು ಎಂಬ ಮಾತನ್ನು ವಾಹನ ಪತ್ರಿಕೆಗಳು ಯಾರನ್ನೂ ಕೇಳದೆ ಒಪ್ಪಿಕೊಂಡಿವೆ. ಅಂಕಿ ಅಂಶವೂ ಮೇಲ್ನೋಟಕ್ಕೆ ಅದರ ಪರವಾಗಿದೆ. 2017-18ರ ಸುಮಾರಿಗೆ ಮಾರಾಟದಲ್ಲಿ ಅರ್ಧದ ಸಮೀಪವಿದ್ದ ಹ್ಯಾಚ್‌ಬ್ಯಾಕ್‌ಗಳ ಪಾಲು 2024-25ಕ್ಕೆ ಕಾಲು ಭಾಗಕ್ಕೆ ಇಳಿಯಿತು. ಎಸ್‌ಯುವಿಗಳು ಅರ್ಧ ದಾಟಿದವು. ಆದರೆ ಈ ಲೆಕ್ಕದಲ್ಲಿರುವವರೆಲ್ಲ ಕಾರು ಕೊಂಡವರು. ಆನ್‌ರೋಡ್ ಬೆಲೆ ಕೇಳಿ ಶೋರೂಮಿನ ಮೆಟ್ಟಿಲಿಳಿದವರನ್ನು ಯಾರೂ ಎಣಿಸಿಲ್ಲ. ತೊಂಬತ್ತರ ದಶಕದ ಕೊನೆಯಿಂದ ಕಾರುಗಳ ಬಗ್ಗೆಯೇ ಬರೆಯುತ್ತ ಬಂದ ನನಗೆ, ಜನರ ಅಭಿರುಚಿ ಬದಲಾಯಿತು ಎಂಬ ವಿವರಣೆ ತೀರಾ ಅಗ್ಗದ್ದಾಗಿ ಕಾಣುತ್ತದೆ.

ಸಣ್ಣ ಕಾರಿನ ಕಥೆಯ ಮೊದಲ ಘಟ್ಟವನ್ನು ಬೇಗ ದಾಟಬಹುದು. ಲೈಸೆನ್ಸ್ ರಾಜ್ಯದಲ್ಲಿ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್ ಬಿಟ್ಟರೆ ಹೆಚ್ಚಿನ ಆಯ್ಕೆ ಇರಲಿಲ್ಲ; ದುಡ್ಡಿದ್ದವರೂ ಸರದಿಯಲ್ಲಿ ಕಾಯಬೇಕಿತ್ತು. ಆ ಕಾಲದಲ್ಲೇ ಬೆಂಗಳೂರಿನ ಸಿಪಾನಿಯವರು ಬಾದಲ್ ಎಂಬ ಮೂರು ಚಕ್ರದ ಕಾರನ್ನೂ, ಬ್ರಿಟನ್ನಿನ ರಿಲಯಂಟ್ ಕಿಟನ್ ಆಧರಿಸಿ ಫೈಬರ್ ಗ್ಲಾಸ್ ಮೈಯ ಡಾಲ್ಫಿನ್ ಕಾರನ್ನೂ ಮಾಡಿದರು. ಆ ಸಾಹಸದ ಒಂದು ಸರಿಯಾದ ಇತಿಹಾಸ ಕನ್ನಡದಲ್ಲಿ ಬರಬೇಕಿತ್ತು.

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿ ಕೊಟ್ಟರು. ಬೆಲೆ ಐವತ್ತು ಸಾವಿರದ ಆಸುಪಾಸು. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಏಳು ನೂರು ಕೆಜಿಯನ್ನೂ ಮುಟ್ಟದ ತೂಕ. ಇದರ ಹಿಂದೆ ಜಪಾನಿನ ‘ಕೇ’ ಎಂಬ ಪುಟ್ಟ ಕಾರುಗಳ ಒಂದು ಶಿಸ್ತಿತ್ತು: ತೂಕ ಇಳಿಸಿದರೆ ಎಂಜಿನ್ ಚಿಕ್ಕದಾಗುತ್ತದೆ, ಎಂಜಿನ್ ಚಿಕ್ಕದಾದರೆ ಬ್ರೇಕು, ಟೈರು, ಪೆಟ್ರೋಲು ಎಲ್ಲದರ ಖರ್ಚೂ ಇಳಿಯುತ್ತದೆ. ಸಣ್ಣ ಕಾರೆಂದರೆ ದೊಡ್ಡ ಕಾರನ್ನು ಕತ್ತರಿಸಿದ್ದಲ್ಲ, ಅದೇ ಬೇರೆ ವಿದ್ಯೆ. ನಮ್ಮಲ್ಲಿ ಈ ವಿದ್ಯೆಯನ್ನು ಮಾರುತಿಯ ಪಾಲುದಾರ ಸುಜುಕಿಯಷ್ಟು ಚೆನ್ನಾಗಿ ಯಾರೂ ಕಲಿಸಲಿಲ್ಲ.

ನಮ್ಮ ತಲೆಮಾರಿನ ಸುಗ್ಗಿ ಬಂದದ್ದು 1998ರಲ್ಲಿ. ಅದೊಂದೇ ವರ್ಷದಲ್ಲಿ ಹ್ಯುಂಡೈ ಸ್ಯಾಂಟ್ರೋ, ಡೇವೂ ಮಾಟಿಜ್, ಟಾಟಾ ಇಂಡಿಕಾ ಮೂರೂ ಬಂದವು. 1993ರಿಂದ ಜೆನ್ ಇದ್ದೇ ಇತ್ತು. 1999ರಲ್ಲಿ ವ್ಯಾಗನ್ ಆರ್, 2000ದಲ್ಲಿ ಆಲ್ಟೊ ಸೇರಿದವು. ಒಂದೊಂದೂ ಒಂದೊಂದು ವಾದ ಹೂಡಿತ್ತು. ಸ್ಯಾಂಟ್ರೋ ಎತ್ತರ ಹೆಚ್ಚಿಸಿ, ಪೇಟ ಕಟ್ಟಿದವರೂ ಸೀರೆಯುಟ್ಟವರೂ ಸಲೀಸಾಗಿ ಹತ್ತುವಂತೆ ಮಾಡಿತು. ಇಂಡಿಕಾ ಡೀಸೆಲ್ ಎಂಜಿನ್ ಕೊಟ್ಟು ದೂರ ಓಡಿಸುವವರನ್ನು ಒಲಿಸಿಕೊಂಡಿತು. ಮೊದಮೊದಲ ಗಾಡಿಗಳ ಜೋಡಣೆ ಮಾತ್ರ ಒರಟಾಗಿತ್ತು ಎನ್ನದೆ ವಿಧಿಯಿಲ್ಲ. ಆಲ್ಟೊ ಯಾವ ಜಂಬವೂ ಇಲ್ಲದೆ ಹತ್ತಕ್ಕೂ ಹೆಚ್ಚು ವರ್ಷ ದೇಶದ ಅತಿ ಹೆಚ್ಚು ಮಾರಾಟದ ಕಾರಾಗಿ ಉಳಿಯಿತು. ಬ್ಯಾಂಕ್ ಬಡ್ಡಿ ಇಳಿದು ಕಂತಿನ ಸಾಲ ಸುಲಭವಾದಾಗ, ಶಾಲಾ ಮೇಷ್ಟ್ರು, ಎಲ್‌ಐಸಿ ಏಜೆಂಟರು, ಅಡಿಕೆ ಮಂಡಿಯ ಗುಮಾಸ್ತರು ಸ್ಕೂಟರಿನಿಂದ ಕಾರಿಗೆ ಬಡ್ತಿ ಪಡೆದರು. ಇವರ ಅಭಿರುಚಿಯನ್ನು ಆಗ ಯಾರೂ ವಿಶ್ಲೇಷಿಸಲಿಲ್ಲ, ಕೈಗೆಟುಕಿತು, ಕೊಂಡರು.

2006ರ ಬಜೆಟ್ ಸಣ್ಣ ಕಾರಿಗೆ ಕಾನೂನಿನ ವ್ಯಾಖ್ಯೆ ಕೊಟ್ಟಿತು. ಉದ್ದ ನಾಲ್ಕು ಮೀಟರ್ ಮೀರಬಾರದು. ಎಂಜಿನ್ ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿಯೊಳಗಿರಬೇಕು. ಅಂಥ ಕಾರಿಗೆ ಅಬಕಾರಿ ಸುಂಕ ಶೇ 24ರಿಂದ 16ಕ್ಕೆ ಇಳಿಯಿತು. ಆಶಯ ಒಳ್ಳೆಯದೇ. ಆದರೆ ವ್ಯಾಖ್ಯೆಯಲ್ಲಿ ತೂಕವೂ ಇರಲಿಲ್ಲ, ಬೆಲೆಯೂ ಇರಲಿಲ್ಲ. ಕಂಪನಿಗಳು ಮಾಡಿದ್ದೇನು? ಸೆಡಾನ್‌ಗಳ ಡಿಕ್ಕಿ ಕತ್ತರಿಸಿದವು. 2008ರ ಇಂಡಿಗೋ ಸಿಎಸ್, 2012ರ ಡಿಸೈರ್ ಹೀಗೆ ಮೊಟಕಾದವು. ಆಮೇಲೆ 2013ರ ಇಕೋಸ್ಪೋರ್ಟ್, 2016ರ ಬ್ರೆಝಾ ಅದೇ ನಾಲ್ಕು ಮೀಟರಿನೊಳಗೆ ಎಸ್‌ಯುವಿಯನ್ನು ಕೂರಿಸಿದವು. ಹತ್ತು ಲಕ್ಷದ ಗಾಡಿಯೂ ಕಾನೂನಿನ ಕಣ್ಣಿಗೆ ಸಣ್ಣ ಕಾರೇ ಆಯಿತು. ಬಡವರ ಪಡಿತರ ಅಂಗಡಿಯಲ್ಲಿ ಬಂಗಲೆಯವರು ಚೀಲ ಹಿಡಿದು ನಿಂತಂತೆ. ಇಂದು ಎಲ್ಲರೂ ಹೇಳುವ ಎಸ್‌ಯುವಿ ಮೋಹದಲ್ಲಿ ಈ ತೆರಿಗೆ ಕಾನೂನಿನ ಪಾಲೆಷ್ಟು ಎಂದು ಬಿಡಿಸಿ ನೋಡುವ ಕೆಲಸ ಬಾಕಿ ಇದೆ.

ಅಗ್ಗದ ಕಾರೆಂದೇ ಹೆಸರಾದ ಟಾಟಾ ನ್ಯಾನೋ ಬಗ್ಗೆ ಬೇಕಾದಷ್ಟು ಬರೆದಾಗಿದೆ. 2008ರ ಜನವರಿಯಲ್ಲಿ ಪ್ರದರ್ಶನ, ಸಿಂಗೂರಿನ ಜಗಳ, ಸಾನಂದಕ್ಕೆ ವಲಸೆ, 624 ಸಿಸಿಯ ಎರಡು ಸಿಲಿಂಡರ್, ಒಂದೇ ವೈಪರ್. ಅದು ಸೋತಾಗ ಉದ್ಯಮ ಕಲಿತ ಪಾಠ, ಅಗ್ಗದ ಕಾರನ್ನು ಭಾರತೀಯರು ಕೊಳ್ಳುವುದಿಲ್ಲ ಎಂಬುದು. ಅದೇ ವರ್ಷಗಳಲ್ಲಿ ಆಲ್ಟೊ ತಿಂಗಳಿಗೆ ಸಾವಿರ ಸಾವಿರಗಟ್ಟಲೆ ಮಾರಾಟವಾಗುತ್ತಿತ್ತು. ಜನ ತಿರಸ್ಕರಿಸಿದ್ದು ಬಡತನದ ಪ್ರಚಾರವನ್ನು, ಕಡಿಮೆ ಬೆಲೆಯನ್ನಲ್ಲ.

ನಿಜವಾದ ಪೆಟ್ಟು 2017ರ ನಂತರದ್ದು. 2018ರಲ್ಲಿ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಮೊದಲೇ ಕಟ್ಟಬೇಕಾಯಿತು. 2019ರಲ್ಲಿ ಎಬಿಎಸ್, ಚಾಲಕನ ಏರ್‌ಬ್ಯಾಗ್, ಹಿಂಬದಿ ಸೆನ್ಸರ್ ಕಡ್ಡಾಯವಾದವು. 2021ರಲ್ಲಿ ಪಕ್ಕದ ಸೀಟಿಗೂ ಏರ್‌ಬ್ಯಾಗ್ ಬಂತು. 2020ರ ಏಪ್ರಿಲ್‌ನಲ್ಲಿ ಹೊಗೆಯ ಮಾನದಂಡ ಬಿಎಸ್4ರಿಂದ ನೇರ ಬಿಎಸ್6ಕ್ಕೆ ಜಿಗಿಯಿತು. ಏರ್‌ಬ್ಯಾಗಿನ ಬೆಲೆ ನಾಲ್ಕು ಲಕ್ಷದ ಕಾರಿಗೂ ಇಪ್ಪತ್ತು ಲಕ್ಷದ ಕಾರಿಗೂ ಹೆಚ್ಚುಕಡಿಮೆ ಒಂದೇ. ತಾಳಿಕೊಳ್ಳುವ ಶಕ್ತಿ ಒಂದೇ ಅಲ್ಲ. ಲಾಭ ತೆಳುವಾದಾಗ ಕಂಪನಿಗಳು ಒಂದೊಂದೇ ಅಂಗಡಿ ಮುಚ್ಚಿದವು: ಬಿಡದಿಯಲ್ಲಿ ತಯಾರಾಗುತ್ತಿದ್ದ ಎಟಿಯೋಸ್ ಲಿವಾ 2020ರಲ್ಲಿ, ಫಿಗೊ ಸಮೇತ ಫೋರ್ಡ್ 2021ರಲ್ಲಿ, ಡಾಟ್ಸನ್ ಮತ್ತು ಹೊಸ ಸ್ಯಾಂಟ್ರೋ 2022ರಲ್ಲಿ, ಆಲ್ಟೊ 800 2023ರಲ್ಲಿ. 2015ರಲ್ಲಿ 2.57 ಲಕ್ಷಕ್ಕೆ ಬಂದ ಕ್ವಿಡ್, 2025ರ ತೆರಿಗೆ ಕಡಿತದ ನಂತರವೂ ನಾಲ್ಕು ಲಕ್ಷದ ಮೇಲೆಯೇ ಇತ್ತು.

ಸುರಕ್ಷತೆಯ ನಿಯಮಗಳನ್ನು ದೂರುವುದು ಸಲ್ಲದು. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಅಪಘಾತ ಪರೀಕ್ಷೆಯಲ್ಲಿ ನಾವು ಮೆಚ್ಚಿದ ಕಾರುಗಳು ಸೊನ್ನೆ ನಕ್ಷತ್ರ ಪಡೆದಿದ್ದವು. ಆದರೆ ಕಾರು ಕೈತಪ್ಪಿದ ಸಂಸಾರ ಸುರಕ್ಷಿತ ಕಾರಿಗೆ ಹೋಗಲಿಲ್ಲ, ಬೈಕಿನಲ್ಲೇ ಉಳಿಯಿತು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರಲ್ಲಿ ಶೇ 44ರಷ್ಟು ಮಂದಿ ದ್ವಿಚಕ್ರ ಸವಾರರು. ಸುರಕ್ಷತೆಯ ಚರ್ಚೆಯಲ್ಲಿ ಈ ಸಂಖ್ಯೆಯನ್ನು ಕಾರಿನ ಬೆಲೆಯ ಪಕ್ಕದಲ್ಲಿಟ್ಟು ಓದಿದವರು ಕಡಿಮೆ.

ಈ ಪೆಟ್ಟಿನಲ್ಲಿ ಕರ್ನಾಟಕದ ಪಾಲೂ ಇದೆ. ಇಲ್ಲಿ ಐದು ಲಕ್ಷದೊಳಗಿನ ಕಾರಿಗೂ ಆಜೀವ ತೆರಿಗೆ ಶೇ 13, ಅದರ ಮೇಲೆ ಸೆಸ್. 2025ರ ತೆರಿಗೆ ಕಡಿತದ ನಂತರ 3.70 ಲಕ್ಷಕ್ಕಿದ್ದ ಆಲ್ಟೊ ಕೆ10ಕ್ಕೆ ಇದೊಂದೇ ಐವತ್ತು ಸಾವಿರ ಮೀರುತ್ತಿತ್ತು. ಇತ್ತ 2016ರಿಂದ 2024ರವರೆಗೆ ಎಷ್ಟೇ ಬೆಲೆಯ ವಿದ್ಯುತ್ ಕಾರಾದರೂ ಈ ತೆರಿಗೆ ಇರಲಿಲ್ಲ. 2001ರಲ್ಲೇ ರೇವಾ ಎಂಬ ವಿದ್ಯುತ್ ಕಾರು ಕಟ್ಟಿ, ಮುಂದೆ ಲಂಡನ್ನಿನ ಬೀದಿಗೂ ಕಳಿಸಿದ ಬೆಂಗಳೂರಿನಲ್ಲಿ, ವಿದ್ಯುತ್ ವಾಹನಕ್ಕೆ ಕೊಟ್ಟ ಉತ್ತೇಜನದ ದೊಡ್ಡ ಉಳಿತಾಯ ಸೇರಿದ್ದು ದುಬಾರಿ ಕಾರು ಕೊಂಡವರಿಗೆ.

2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಸೆಸ್ ಹೋಯಿತು. ಎಸ್‌-ಪ್ರೆಸ್ಸೊ ಮೂರೂವರೆ ಲಕ್ಷಕ್ಕೆ ಬಂತು. ಅಭಿರುಚಿ ಸತ್ತಿದೆ ಎಂದವರ ಕಣ್ಣೆದುರೇ ಸಣ್ಣ ಕಾರಿನ ವಿಚಾರಣೆ, ಬುಕಿಂಗ್ ಎರಡೂ ಏರಿದವು. ಆದರೆ ವ್ಯಾಖ್ಯೆ ಇನ್ನೂ 2006ರದ್ದೇ. ನಾಲ್ಕು ಮೀಟರಿನ ಎಸ್‌ಯುವಿಗೂ ಅದೇ ರಿಯಾಯಿತಿ ಸಿಕ್ಕಿತು. ಜಪಾನ್ ‘ಕೇ’ ಕಾರಿಗೆ 3.4 ಮೀಟರ್, 660 ಸಿಸಿ ಎಂದು ಬಿಗಿಯಾದ ಗೆರೆ ಎಳೆದು ಕಡಿಮೆ ತೆರಿಗೆ ಇಟ್ಟಿದೆ. ಅಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಸುಮಾರು ಮೂರರಲ್ಲೊಂದು ಅವೇ. ಶ್ರೀಮಂತ ದೇಶದಲ್ಲಿ ಸಾಯದ ಸಣ್ಣ ಕಾರಿನ ಆಸೆ ಇಲ್ಲಿ ತಾನಾಗಿ ಸತ್ತಿತು ಎಂದರೆ ನಂಬುವುದು ಕಷ್ಟ. ರಿಯಾಯಿತಿಯ ಗೆರೆಯನ್ನು ತೂಕಕ್ಕೂ ಬೆಲೆಗೂ ಕಟ್ಟುವುದು ಕೇಂದ್ರದ ಕೈಯಲ್ಲಿದೆ. ಐದು ಲಕ್ಷದೊಳಗಿನ ಮೊದಲ ಕಾರಿಗೆ ಆಜೀವ ತೆರಿಗೆ ಇಳಿಸುವುದು ಬೆಂಗಳೂರಿನ ಕೈಯಲ್ಲಿದೆ. ಇವೆರಡನ್ನೂ ಮಾಡಿ ನೋಡಿದ ಮೇಲೂ ಜನ ಸಣ್ಣ ಕಾರು ಕೊಳ್ಳದಿದ್ದರೆ, ಆಗ ಅಭಿರುಚಿಯ ಮಾತಾಡೋಣ.